ಕಾನೂನು ಪ್ರವೇಶ ಪರೀಕ್ಷೆಯ ಪ್ರಬಂಧ: ಬಾಯಿಪಾಠ ಮಾಡಿದರೆ ಸಾಕಾಗುತ್ತದಾ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು. ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಇತಿಹಾಸ, ರಾಜ್ಯಶಾಸ್ತ್ರ ನನ್ನ ವಿಷಯಗಳು. ಪಿಯುಸಿ ತನಕ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಮೂರು ವರ್ಷದ ಎಲ್‌ಎಲ್‌.ಬಿ. ಸೇರಬೇಕೆಂಬ ಆಸೆ ಇದೆ. ಅದರ ಪ್ರವೇಶ ಪರೀಕ್ಷೆ ಎನ್‌ಎಲ್‌ಸ್ಯಾಟ್‌ಗೆ ಇನ್ನು ನಾಲ್ಕು ತಿಂಗಳಿದೆ. ಬಹು ಆಯ್ಕೆಯ ಪ್ರಶ್ನೆಗಳನ್ನು ಹೇಗೋ ಮಾಡುತ್ತೇನೆ. ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯಬೇಕು ಅಂದರೆ ಭಯ. ಕೋಚಿಂಗ್‌ನವರು 40 ಪ್ರಬಂಧಗಳ ಪಿಡಿಎಫ್ ಕೊಟ್ಟು ಬಾಯಿಪಾಠ ಮಾಡಿ ಅಂದರು. 12 ಕಲಿತೆ. ಕಳೆದ ವಾರದ ಮಾದರಿ ಪರೀಕ್ಷೆಯಲ್ಲಿ ಆ ಪಟ್ಟಿಯಲ್ಲಿ ಇಲ್ಲದ ವಿಷಯ ಬಂತು. ಅರ್ಧ ಪುಟ ಬರೆಯುವಷ್ಟರಲ್ಲಿ ಕೈ ನಿಂತುಹೋಯಿತು. ಒಂದು ಪ್ರಬಂಧಕ್ಕೆ ನನಗೆ ಒಂದು ಗಂಟೆಗಿಂತ ಜಾಸ್ತಿ ಬೇಕು. ದೊಡ್ಡ ದೊಡ್ಡ ಪದ ಬಳಸು, ನಾಲ್ಕು ಕೊಟೇಶನ್ ಹಾಕು ಅಂತ ಗೆಳತಿ ಹೇಳುತ್ತಾಳೆ. ಸರ್ಕಾರದ ವಿರುದ್ಧವೋ ಕೋರ್ಟಿನ ತೀರ್ಪಿನ ವಿರುದ್ಧವೋ ಬರೆದರೆ ಅಂಕ ಕಳೆಯುತ್ತಾರಾ? ಈ ವರ್ಷ ಬಿಟ್ಟು, ಬೆಂಗಳೂರಿಗೆ ಬಂದು ಇಂಗ್ಲಿಷ್ ಕೋರ್ಸ್ ಮಾಡಿ ಮುಂದಿನ ವರ್ಷ ಬರೆಯುವುದು ಒಳ್ಳೆಯದಾ?

ಉತ್ತರ: ನಿಮ್ಮ ಪತ್ರದ ತುಂಬ ಇಂಗ್ಲಿಷ್‌ನ ಚಿಂತೆಯೇ ಇದೆ. ಆದರೆ ನೀವು ಹೇಳಿದ ಘಟನೆಯನ್ನೇ ಒಮ್ಮೆ ನೋಡಿ. ವಿಷಯ ಪಟ್ಟಿಯಲ್ಲಿ ಇರಲಿಲ್ಲ, ಕೈ ನಿಂತಿತು. ಅದೇ ವಿಷಯವನ್ನು ಕನ್ನಡದಲ್ಲಿ ಬರೆಯಿರಿ ಅಂದಿದ್ದರೂ ಬಹುಶಃ ಕೈ ಅಲ್ಲೇ ನಿಲ್ಲುತ್ತಿತ್ತು. ಏನು ಹೇಳಬೇಕು ಎಂಬುದೇ ತೀರ್ಮಾನವಾಗದಿದ್ದರೆ ಯಾವ ಭಾಷೆಯಲ್ಲೂ ಮುಂದಿನ ವಾಕ್ಯ ಹುಟ್ಟುವುದಿಲ್ಲ. ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಬರವಣಿಗೆ ಕಲಿಸುವುದು ನನ್ನ ಕೆಲಸ. ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರೇ ಹೆಚ್ಚು. ಅವರ ಪ್ರಬಂಧಗಳಲ್ಲಿ ವ್ಯಾಕರಣದ ತಪ್ಪು ಇರುತ್ತದೆ, ನಿಜ. ಅಂಕ ಜಾಸ್ತಿ ಹೋಗುವುದು ಮಾತ್ರ ಬೇರೆ ಕಡೆ. ಎರಡು ಪುಟ ಓದಿ ಮುಗಿಸಿದರೂ ಬರೆದವರ ನಿಲುವೇನು ಅಂತ ತಿಳಿಯುವುದಿಲ್ಲ. ಅದು ದೊಡ್ಡ ನಷ್ಟ.

ಮೊದಲು ಪರೀಕ್ಷೆಯ ಲೆಕ್ಕ ಹಾಕೋಣ. ಇತ್ತೀಚಿನ ವರ್ಷಗಳ ಮಾದರಿಯಲ್ಲಿ ಎನ್‌ಎಲ್‌ಸ್ಯಾಟ್ ಒಟ್ಟು 150 ಅಂಕ, 150 ನಿಮಿಷದ ಪರೀಕ್ಷೆ. ಮೊದಲ ಭಾಗದಲ್ಲಿ 75 ಬಹು ಆಯ್ಕೆಯ ಪ್ರಶ್ನೆಗಳು. ಓದಿ ಅರ್ಥಮಾಡಿಕೊಳ್ಳುವುದು, ಪ್ರಚಲಿತ ವಿದ್ಯಮಾನ, ತರ್ಕ, ಇವು ಅಲ್ಲಿ ಬರುತ್ತವೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಎರಡನೇ ಭಾಗ ಬರೆದು ಉತ್ತರಿಸುವುದು: ತಲಾ 5 ಅಂಕದ 10 ಕಿರು ಉತ್ತರಗಳು, 25 ಅಂಕದ ಒಂದು ಪ್ರಬಂಧ. ಮೊದಲ ಭಾಗದಲ್ಲಿ ಮುಂದಿರುವವರ ಎರಡನೇ ಭಾಗವನ್ನಷ್ಟೇ ತಿದ್ದುವ ಪದ್ಧತಿ ಇದೆ. ಮಾದರಿ ಬದಲಾಗುವುದುಂಟು. ಹಾಗಾಗಿ ಈ ಸಲದ ಅಧಿಸೂಚನೆಯನ್ನು ಲಾ ಸ್ಕೂಲಿನ ವೆಬ್‌ಸೈಟಿನಲ್ಲೇ ಓದಿ. ಕೋಚಿಂಗ್‌ನವರ ವಾಟ್ಸ್ಆ್ಯಪ್ ಸಂದೇಶ ನಂಬಿ ಕೂರಬೇಡಿ.

ಇದರಿಂದ ತಿಳಿಯುವುದು ಎರಡು. ಬಹು ಆಯ್ಕೆಯ ಭಾಗವನ್ನು "ಹೇಗೋ" ಮಾಡಿದರೆ ಪ್ರಬಂಧ ಎಷ್ಟು ಚೆನ್ನಾಗಿದ್ದರೂ ಅದನ್ನು ಯಾರೂ ಓದದೆ ಇರಬಹುದು. ಆ ಕಡೆ ಅಸಡ್ಡೆ ಬೇಡ. ಇನ್ನು ಸಮಯ. ಮೊದಲ ಭಾಗಕ್ಕೆ ಒಂದು ಗಂಟೆ, ಕಿರು ಉತ್ತರಗಳಿಗೆ 50 ನಿಮಿಷ ಕೊಟ್ಟರೆ ಪ್ರಬಂಧಕ್ಕೆ ಉಳಿಯುವುದು 40 ನಿಮಿಷ. ಯೋಚನೆ, ಬರವಣಿಗೆ, ಮರು ಓದು ಎಲ್ಲ ಅದರೊಳಗೇ ಮುಗಿಯಬೇಕು. ಪದಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಕೈಬರಹದಲ್ಲಿ 350ರಿಂದ 450 ಪದ ಸಾಕು. ನಿಮ್ಮ "ಒಂದು ಗಂಟೆಗಿಂತ ಜಾಸ್ತಿ"ಯನ್ನು 40 ನಿಮಿಷಕ್ಕೆ ಇಳಿಸುವುದು ನಾಲ್ಕು ತಿಂಗಳಲ್ಲಿ ಖಂಡಿತ ಆಗುವ ಕೆಲಸ.

ಈಗ ನಿಮ್ಮ ಗೆಳತಿಯ ಸಲಹೆಗೆ ಬರೋಣ. ದೊಡ್ಡ ಪದ, ಕೊಟೇಶನ್. ಈ ನಂಬಿಕೆ ತುಂಬ ಹಳೆಯದು. ಒಳ್ಳೆಯ ಇಂಗ್ಲಿಷ್ ಅಂದರೆ ಅರ್ಥವಾಗದ ಇಂಗ್ಲಿಷ್ ಎಂಬ ಭಾವನೆ ನಮ್ಮ ಕಡೆ ಇನ್ನೂ ಹೋಗಿಲ್ಲ. ತಿದ್ದುವವರ ಜಾಗದಲ್ಲಿ ಕೂತು ನೋಡಿ. ಒಂದರ ಹಿಂದೆ ಒಂದು ಉತ್ತರ ಪತ್ರಿಕೆ ಬರುತ್ತಿರುತ್ತದೆ. ಹತ್ತರಲ್ಲಿ ಆರು ಅದೇ ಗಾಂಧಿ, ಅದೇ ನೆಲ್ಸನ್ ಮಂಡೇಲಾ ಮಾತಿನಿಂದ ಶುರುವಾದರೆ ಅವರ ಕಣ್ಣು ಮುಂದಿನ ಪ್ಯಾರಾಕ್ಕೆ ಓಡುತ್ತದೆ. ಇನ್ನೊಂದು ಅಪಾಯವೂ ಇದೆ. ಬಾಯಿಪಾಠದ ಕೊಟೇಶನ್‌ಗಳಲ್ಲಿ ಎಷ್ಟೋ ಮಾತುಗಳನ್ನು ಆ ವ್ಯಕ್ತಿಗಳು ಹೇಳಿದ್ದೇ ಅಲ್ಲ. ಇಂಟರ್‌ನೆಟ್‌ನಲ್ಲಿ ಯಾರೋ ಅವರ ಹೆಸರಿಗೆ ಅಂಟಿಸಿದ್ದು. ಸಾಕ್ಷ್ಯಕ್ಕೆ ಬೆಲೆ ಕೊಡುವ ಕಾನೂನು ಕಾಲೇಜಿಗೆ ಅರ್ಜಿ ಹಾಕುವಾಗ ಅಂಥ ಸಾಲು ಬರೆಯಬಾರದು.

ಉದ್ದ ಬರೆದಷ್ಟೂ ಅಂಕ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ಅದು ಪೂರ್ತಿ ಸುಳ್ಳೇನೂ ಅಲ್ಲ. ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ 2005ರಲ್ಲಿ 25 ನಿಮಿಷದ ಪ್ರಬಂಧ ಸೇರಿಸಿದರು. ಪರೀಕ್ಷೆ ನಡೆಸುವವರೇ ಪ್ರಕಟಿಸಿದ್ದ ಮಾದರಿ ಪ್ರಬಂಧಗಳನ್ನು ಎಂಐಟಿಯ ಲೆಸ್ ಪೆರೆಲ್‌ಮನ್ ಎಂಬ ಬರವಣಿಗೆಯ ಮೇಷ್ಟ್ರು ಅಳೆದು ನೋಡಿದರು. ಪ್ರಬಂಧ ಉದ್ದವಾದಷ್ಟೂ ಅಂಕ ಏರುತ್ತಿತ್ತು. ಮಾಹಿತಿ ತಪ್ಪಿದ್ದರೂ ಅಂಕ ಕಡಿಮೆ ಆಗುತ್ತಿರಲಿಲ್ಲ. ದೊಡ್ಡ ಗದ್ದಲವಾಯಿತು. 2016ರಲ್ಲಿ ಪ್ರಬಂಧ ಬರೆಯುವುದನ್ನು ಐಚ್ಛಿಕ ಮಾಡಿದರು, 2021ರಲ್ಲಿ ಸಾಮಾನ್ಯ ಸ್ಯಾಟ್‌ನಿಂದ ಕೈಬಿಟ್ಟರು. ಲಕ್ಷಗಟ್ಟಲೆ ಪತ್ರಿಕೆಗಳನ್ನು ಒಂದೊಂದಕ್ಕೆ ಎರಡು ಮೂರು ನಿಮಿಷದಲ್ಲಿ ತಿದ್ದುವ ಕಡೆ ಹಾಗೆ ಆಗುತ್ತದೆ. ಮೊದಲ ಭಾಗದಲ್ಲಿ ಸೋಸಿ, ಉಳಿದ ಕೆಲವರ ಬರವಣಿಗೆಯನ್ನು ಓದುವ ಪರೀಕ್ಷೆಗೆ ಆ ಲೆಕ್ಕ ಹಾಕಬೇಡಿ.

ಹಾಗಾದರೆ ಕೈ ನಿಲ್ಲುವುದು ಏಕೆ? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ನಾವೆಲ್ಲ ಬರೆದ ಪ್ರಬಂಧಗಳನ್ನು ನೆನಪಿಸಿಕೊಳ್ಳಿ. ಗ್ರಂಥಾಲಯಗಳ ಮಹತ್ವ. ರಾಷ್ಟ್ರೀಯ ಹಬ್ಬಗಳ ಮಹತ್ವ. ಸ್ವಚ್ಛ ಭಾರತ ಅಭಿಯಾನ. ಪರಿಸರ ಮಾಲಿನ್ಯ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ತಲೆಬರಹ ಹಾಕಿ, ಅಡಿಗೆರೆ ಎಳೆದು ಬರೆಯುತ್ತಿದ್ದೆವು. ಈ ವಿಷಯಗಳ ಗುಣ ಒಂದೇ. ಯಾವುದರಲ್ಲೂ ಜಗಳವಿಲ್ಲ. ಗ್ರಂಥಾಲಯಕ್ಕೆ ಮಹತ್ವವಿಲ್ಲ ಅಂತ ಯಾರೂ ವಾದ ಮಾಡುವುದಿಲ್ಲ. ಒಪ್ಪಿಕೊಂಡ ಮಾತನ್ನು ಚೆಂದವಾಗಿ ಹೇಳುವುದಷ್ಟೇ ಅಲ್ಲಿನ ಕೆಲಸ. ಅದಕ್ಕೆ ಬಾಯಿಪಾಠ ಸಾಕಾಗುತ್ತಿತ್ತು, ಅಂಕವೂ ಬರುತ್ತಿತ್ತು. ಪದವಿಯಲ್ಲೂ ಅದೇ ಮುಂದುವರಿಯಿತು, ಅಲ್ವಾ? "ಕಾರಣಗಳು ಮತ್ತು ಪರಿಣಾಮಗಳು" ಅಂತ ನೋಟ್ಸ್‌ನಲ್ಲಿದ್ದ ಎಂಟು ಅಂಶಗಳನ್ನು ಪತ್ರಿಕೆಗೆ ಇಳಿಸಿದ್ದಾಯಿತು.

ಕಾನೂನು ಪ್ರವೇಶ ಪರೀಕ್ಷೆ ಕೇಳುವುದು ಜಗಳ ಇರುವ ಪ್ರಶ್ನೆ. ಎರಡೂ ಕಡೆ ಬುದ್ಧಿವಂತರು ನಿಂತಿರುವ ಪ್ರಶ್ನೆ. ಅಲ್ಲಿ ನೀವು ಒಂದು ಕಡೆ ನಿಲ್ಲಬೇಕು, ಏಕೆ ನಿಂತಿರಿ ಅಂತ ಹೇಳಬೇಕು, ಎದುರಿನವರ ಗಟ್ಟಿ ಮಾತಿಗೆ ಉತ್ತರ ಕೊಡಬೇಕು. ಈ ಮೂರನ್ನೂ ನಿಮಗೆ ತರಗತಿಯಲ್ಲಿ ಯಾರೂ ಮಾಡಿಸಿಲ್ಲ. 40 ಪ್ರಬಂಧಗಳ ಪಿಡಿಎಫ್ ಕೂಡ ಮಾಡಿಸುವುದಿಲ್ಲ. ಅದು ಎಸ್ಸೆಸ್ಸೆಲ್ಸಿಯ ದಾರಿಯನ್ನೇ ಇಂಗ್ಲಿಷ್‌ನಲ್ಲಿ ಮುಂದುವರಿಸುತ್ತದೆ. ಆ ಪಿಡಿಎಫ್ ಅನ್ನು ಮಾಹಿತಿಗೆ ಮಾತ್ರ ಬಳಸಿ, ಬಾಯಿಪಾಠ ಇವತ್ತೇ ನಿಲ್ಲಿಸಿ. ಕಲಿತ 12 ಪ್ರಬಂಧಗಳೂ ಒಂದು ತೊಂದರೆ ಕೊಡಬಹುದು. ಕೇಳಿದ ಪ್ರಶ್ನೆಯನ್ನು ಬಿಟ್ಟು, ಅದಕ್ಕೆ ಹತ್ತಿರವಿರುವ ಕಲಿತ ಪ್ರಬಂಧವನ್ನು ಬರೆದುಬಿಡುವ ಸೆಳೆತ ಬರುತ್ತದೆ. "ಸಾಮಾಜಿಕ ಜಾಲತಾಣಕ್ಕೆ 16 ವರ್ಷದೊಳಗಿನ ಮಕ್ಕಳಿಗೆ ನಿಷೇಧ ಸರಿಯೇ?" ಅಂತ ಕೇಳಿದರೆ "ಸಾಮಾಜಿಕ ಜಾಲತಾಣದ ಅನುಕೂಲ, ಅನಾನುಕೂಲ" ಬರೆದು ಬರುವವರು ತುಂಬ ಜನ. ಅಲ್ಲಿ ನಿಷೇಧದ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಒಂದು ವಿಷಯ, ಆರು ಸಾಲು

ಒಂದು ವಿಷಯವನ್ನು ಜೊತೆಯಾಗಿ ಮಾಡಿ ನೋಡೋಣ. "ಮತದಾನವನ್ನು ಕಡ್ಡಾಯ ಮಾಡಬೇಕೇ?" ಇದು ಅಭ್ಯಾಸಕ್ಕೆ ನಾನು ಕೊಡುವ ವಿಷಯ. ನೀವು ರಾಜ್ಯಶಾಸ್ತ್ರದವರು, ಅರ್ಧ ಸಾಮಗ್ರಿ ನಿಮ್ಮ ತಲೆಯಲ್ಲೇ ಇದೆ.

ಪೆನ್ನು ಹಿಡಿದು ಮೊದಲ ವಾಕ್ಯ ಬರೆಯಬೇಡಿ. ಮೊದಲ ಏಳೆಂಟು ನಿಮಿಷ ಕೊನೆಯ ಪುಟದಲ್ಲಿ, ಕನ್ನಡದಲ್ಲೇ, ಟಿಪ್ಪಣಿ ಮಾಡಿ. ಒರಟು ಬರಹಕ್ಕೆ ಜಾಗ ಎಲ್ಲಿ ಅಂತ ಸೂಚನೆಯಲ್ಲಿ ನೋಡಿಕೊಳ್ಳಿ. ಕನ್ನಡದಲ್ಲಿ ಯೋಚಿಸುವುದಕ್ಕೆ ನಾಚಿಕೆ ಬೇಡ. ತಲೆ ಯಾವ ಭಾಷೆಯಲ್ಲಿ ವೇಗವಾಗಿ ಓಡುತ್ತದೋ ಅದರಲ್ಲೇ ಯೋಚಿಸಬೇಕು.

ಮೊದಲ ಪ್ರಶ್ನೆ: ಈ ಕಾನೂನು ಬಂದರೆ ಯಾರಿಗೆ ಏನಾಗುತ್ತದೆ? ನಿಮ್ಮೂರನ್ನೇ ನೆನೆಯಿರಿ. ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರು, ಮಂಗಳೂರು, ಗೋವಾ ಅಂತ ಹೋದ ಕುಟುಂಬಗಳು ನಿಮಗೆ ಗೊತ್ತಿರುತ್ತವೆ. ಅವರ ಮತ ಊರಿನಲ್ಲಿ, ದುಡಿಮೆ ನಗರದಲ್ಲಿ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಆದರೆ ಬಸ್ಸಿಗೆ ಹೋಗಿ ಬರುವ ಖರ್ಚು, ಪ್ರಯಾಣದಲ್ಲಿ ಹೋಗುವ ಇನ್ನೊಂದೆರಡು ದಿನದ ಕೂಲಿ ಯಾರು ಕೊಡುತ್ತಾರೆ? ಮತ ಹಾಕದವರಿಗೆ ದಂಡ ಅಂತಾದರೆ ಅದು ಮೊದಲು ಬೀಳುವುದು ಇವರ ಮೇಲೆ. ಈ ಒಂದು ವಿಚಾರ ಯಾವ ಪಿಡಿಎಫ್‌ನಲ್ಲೂ ಸಿಗುವುದಿಲ್ಲ. ನಗರದ ಇಂಗ್ಲಿಷ್ ಮಾಧ್ಯಮದ ಹುಡುಗನಿಗೆ ಇದು ಅಷ್ಟು ಬೇಗ ಹೊಳೆಯುವುದೂ ಇಲ್ಲ. ನೀವು ಕೊರತೆ ಅಂದುಕೊಂಡಿರುವ ಹಿನ್ನೆಲೆಯೇ ಇಲ್ಲಿ ನಿಮ್ಮ ಬಂಡವಾಳ.

ಎರಡನೇ ಪ್ರಶ್ನೆ: ಎದುರಿನವರ ಅತಿ ಗಟ್ಟಿಯಾದ ಮಾತು ಯಾವುದು? ದುರ್ಬಲ ಮಾತನ್ನು ಹುಡುಕಿ ಹೊಡೆಯಬೇಡಿ, ಗಟ್ಟಿಯಾದದ್ದನ್ನೇ ಎತ್ತಿಕೊಳ್ಳಿ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾಯಿತು. ಬೆಂಗಳೂರು ದಕ್ಷಿಣದಲ್ಲಿ ಆಗಿದ್ದು ಶೇ 53ರ ಆಸುಪಾಸು. ಹತ್ತಿರ ಹತ್ತಿರ ಅರ್ಧ ಜನ ಮನೆಯಲ್ಲಿ ಕೂತರೆ, ಗೆದ್ದವರು ಯಾರ ಪ್ರತಿನಿಧಿ? ಆಸ್ಟ್ರೇಲಿಯಾದಲ್ಲಿ 1924ರಿಂದ ರಾಷ್ಟ್ರ ಮಟ್ಟದ ಚುನಾವಣೆಗೆ ಮತದಾನ ಕಡ್ಡಾಯ. ಮತ ಹಾಕದವರಿಗೆ 20 ಡಾಲರ್ ದಂಡ. ಅಲ್ಲಿ ಮತದಾನ ಶೇ 90ರ ಆಸುಪಾಸು ಇರುತ್ತದೆ. ಇದು ನಿಜಕ್ಕೂ ಬಲವಾದ ವಾದ. ಇದನ್ನು ಮುಚ್ಚಿಟ್ಟರೆ ಪ್ರಬಂಧ ಸಪ್ಪೆಯಾಗುತ್ತದೆ.

ಮೂರನೇ ಪ್ರಶ್ನೆ: ಅದಕ್ಕೆ ನಿಮ್ಮ ಉತ್ತರ ಏನು? ನಗರದ ಮತದಾರ ಸೋಮಾರಿತನದಿಂದ ಮನೆಯಲ್ಲಿ ಇದ್ದಿರಬಹುದು. ವಲಸೆ ಕೂಲಿಕಾರ ಬರಲು ಆಗದೆ ಉಳಿದಿರುತ್ತಾನೆ. ಒಂದೇ ದಂಡ ಇಬ್ಬರಿಗೂ ಹೇಗೆ ನ್ಯಾಯ? ಗುಜರಾತಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತದಾನ ಕಡ್ಡಾಯ ಮಾಡಿ ಕಾನೂನು ತಂದಿದ್ದರು. 2015ರಲ್ಲಿ ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಂದರೆ ಮತ ಹಾಕುವ ಹಕ್ಕಿನೊಳಗೆ ಹಾಕದಿರುವ ಸ್ವಾತಂತ್ರ್ಯವೂ ಇದೆಯೇ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳ ಮುಂದೆ ಬಂದದ್ದೇ. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೋಟಾ ಗುಂಡಿ ಬಂದ ಮೇಲೆ, "ಯಾರೂ ಇಷ್ಟವಿಲ್ಲದಿದ್ದರೆ ಅದನ್ನೂ ಮತಗಟ್ಟೆಗೆ ಬಂದೇ ಹೇಳಬಹುದಲ್ಲ" ಅಂತ ಎದುರಿನವರು ಕೇಳಬಹುದು. ಕೇಳಲಿ. ಅದಕ್ಕೂ ಒಂದು ಸಾಲಿನ ಉತ್ತರ ಯೋಚಿಸಿಡಿ.

ಈಗ ನಿಮ್ಮ ಒರಟು ಪುಟದಲ್ಲಿ ಆರು ಸಾಲು ಇರುತ್ತದೆ: ನಿಲುವು, ವಲಸೆಯವರ ಉದಾಹರಣೆ, ಕಾನೂನಿನ ಅಂಶ, ಎದುರಿನವರ ಮಾತು, ಅದಕ್ಕೆ ಉತ್ತರ, ಕಡ್ಡಾಯದ ಬದಲು ಏನು ಮಾಡಬಹುದು. ಇನ್ನು ಬರೆಯಿರಿ. ಮೊದಲ ಪ್ಯಾರಾ ಮೂರೇ ವಾಕ್ಯ. ಅದರ ತಿರುಳು ಹೀಗಿರಲಿ: "ಕಡಿಮೆ ಮತದಾನ ಪ್ರಜಾಪ್ರಭುತ್ವಕ್ಕೆ ನಷ್ಟ. ಆದರೆ ಅದಕ್ಕೆ ದಂಡ ಹಾಕುವುದು ಸರಿಯಾದ ದಾರಿ ಅಲ್ಲ. ದಂಡದಿಂದ ತೊಂದರೆಗೆ ಒಳಗಾಗುವವರು ಮತ ಹಾಕಲು ಮನಸ್ಸಿದ್ದೂ ಬರಲಾಗದವರು." "ಪ್ರಾಚೀನ ಕಾಲದಿಂದಲೂ ಮಾನವನು..." ಅಂತ ಶುರು ಮಾಡಬೇಡಿ. ಭಾರತ ಜಗತ್ತಿನ ದೊಡ್ಡ ಪ್ರಜಾಪ್ರಭುತ್ವ ಅಂತಲೂ ಬೇಡ. ಅದು ಓದುವವರಿಗೆ ಗೊತ್ತು.

ಕೊನೆಯ ಪ್ಯಾರಾದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವ ಉಪಸಂಹಾರದ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಅದರ ಬದಲು ಒಂದು ಪರಿಹಾರವನ್ನು, ಅದರ ಮಿತಿಯನ್ನೂ ಸೇರಿಸಿ ಬರೆಯಿರಿ. ವಲಸೆ ಹೋದವರು ಇದ್ದ ಊರಿನಿಂದಲೇ ಮತ ಹಾಕುವ ವ್ಯವಸ್ಥೆ ಬೇಕು ಅಂದಿರಾ? ಹಾಗಾದರೆ ಅಲ್ಲಿ ಗುರುತಿನ ಪರಿಶೀಲನೆ ಹೇಗೆ, ಪಕ್ಷಗಳ ಏಜೆಂಟರು ಎಲ್ಲಿ ಕೂರುತ್ತಾರೆ ಎಂಬ ತೊಡಕನ್ನೂ ಒಪ್ಪಿಕೊಳ್ಳಿ. ತನ್ನ ಪರಿಹಾರದ ಮಿತಿ ತನಗೇ ಗೊತ್ತಿರುವ ಅಭ್ಯರ್ಥಿಯನ್ನು ಯಾವ ಓದುಗನೂ ಗೌರವದಿಂದ ನೋಡುತ್ತಾನೆ.

ಇನ್ನು ಇಂಗ್ಲಿಷ್. ಕನ್ನಡದಿಂದ ಬಂದವರಿಗೆ ತೊಡಕು ಆಗುವುದು ವಾಕ್ಯದ ಉದ್ದದಲ್ಲಿ. ಕನ್ನಡದಲ್ಲಿ "ಹೋಗಿ, ನೋಡಿ, ಮಾಡಿ" ಅಂತ ಪೋಣಿಸುತ್ತಾ ಕ್ರಿಯಾಪದವನ್ನು ಕೊನೆಗೆ ತಂದರೆ ವಾಕ್ಯ ಸರಾಗವಾಗಿ ಇರುತ್ತದೆ. ಅದನ್ನೇ ಇಂಗ್ಲಿಷ್‌ಗೆ ತಂದರೆ "ಆ್ಯಂಡ್", "ವಿಚ್" ಸೇರಿ ನಾಲ್ಕು ಸಾಲಿನ ವಾಕ್ಯವಾಗುತ್ತದೆ. ಎಲ್ಲೋ ನಡುವೆ ಕರ್ತೃ ಕಳೆದುಹೋಗಿರುತ್ತದೆ. ಇದಕ್ಕೆ ಒಂದು ನಿಯಮ ಹೇಳುತ್ತೇನೆ: ಯಾರು, ಏನು ಮಾಡಿದರು ಎಂಬುದು ವಾಕ್ಯದ ಮೊದಲ ಏಳೆಂಟು ಪದದೊಳಗೆ ಬರಬೇಕು. "ಇಟ್ ಈಸ್ ಎ ವೆಲ್ ನೋನ್ ಫ್ಯಾಕ್ಟ್ ದಟ್ ದಿ ವೋಟರ್ಸ್ ಹೂ ಆರ್ ಹ್ಯಾವಿಂಗ್ ಪ್ರಾಬ್ಲಮ್ಸ್..." ಅಂತ ಶುರುವಾದದ್ದನ್ನು "ಮೈಗ್ರೆಂಟ್ ವರ್ಕರ್ಸ್ ಕೆನಾಟ್ ಅಫೋರ್ಡ್ ಟು ಗೋ ಹೋಮ್ ಟು ವೋಟ್" ಅಂತ ಬದಲಿಸಿ ನೋಡಿ. ಇದರಲ್ಲಿ ನಿಮಗೆ ಬಾರದ ಪದ ಒಂದೂ ಇಲ್ಲ. ಹಾಗಿದ್ದೂ ಮಾತು ನೇರವಾಗಿ ತಲುಪುತ್ತದೆ.

ನಮ್ಮವರು ಮಾಡುವ ತಪ್ಪುಗಳು ಹೆಚ್ಚೇನಿಲ್ಲ. ಮತ್ತೆ ಮತ್ತೆ ಬರುವವು ನಾಲ್ಕೈದು: "ಡಿಸ್ಕಸ್ ಅಬೌಟ್" ಅನ್ನುವುದು, "ಒನ್ ಆಫ್ ದಿ" ಆದ ಮೇಲೆ ಏಕವಚನ ಹಾಕುವುದು, "ಈಸ್ ಹ್ಯಾವಿಂಗ್", ಏಕವಚನಕ್ಕೆ ಬಹುವಚನದ ಕ್ರಿಯಾಪದ, "ಎ" ಮತ್ತು "ದಿ" ಬಿಡುವುದು. ಮೊದಲ ನಾಲ್ಕನ್ನು ಒಂದು ತಿಂಗಳಲ್ಲಿ ಸರಿಮಾಡಿಕೊಳ್ಳಬಹುದು. "ಎ", "ದಿ" ತಪ್ಪು ಪೂರ್ತಿ ಹೋಗಲು ವರ್ಷಗಳೇ ಬೇಕು. ಕನ್ನಡದಲ್ಲಿ ಆ ವ್ಯವಸ್ಥೆಯೇ ಇಲ್ಲವಲ್ಲ. ಅದರ ಹಿಂದೆ ಬಿದ್ದು ನಿದ್ದೆಗೆಡಬೇಡಿ.

ಅಭಿಪ್ರಾಯದ ಬಗ್ಗೆ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಸರ್ಕಾರದ ನೀತಿ ತಪ್ಪು ಅಂತ ಬರೆಯಬಹುದು, ಸರಿ ಅಂತಲೂ ಬರೆಯಬಹುದು. ತೀರ್ಪನ್ನು ಟೀಕಿಸುವುದೂ ತಪ್ಪಲ್ಲ. ತೀರ್ಪಿನ ನ್ಯಾಯಯುತ ವಿಮರ್ಶೆ ನಿಂದನೆ ಆಗುವುದಿಲ್ಲ ಅಂತ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಕಾರಣ ಕೊಡದೆ ಬೈದರೆ, ಜಾತಿ ಧರ್ಮ ಹಿಡಿದು ಮಾತಾಡಿದರೆ, ಒಂದು ಪಕ್ಷದ ಭಾಷಣದ ಧಾಟಿ ಬಂದರೆ ಮಾತ್ರ ಅಂಕ ಹೋಗುತ್ತದೆ, ಹೋಗಲೂಬೇಕು. "ಎರಡೂ ಕಡೆ ಸರಿ ಇದೆ" ಅಂತ ಮಧ್ಯೆ ನಿಲ್ಲುವುದು ಸುರಕ್ಷಿತ ಅಂತ ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಯಾವ ಸಂದರ್ಭದಲ್ಲಿ ಈ ಕಡೆ, ಯಾವ ಸಂದರ್ಭದಲ್ಲಿ ಆ ಕಡೆ ಅಂತ ಗೆರೆ ಎಳೆದು ಹೇಳಿದರೆ ಅದು ನಿಲುವು. ಸುಮ್ನೆ ಸಮತೋಲನ ಬೇಕು ಅಂದರೆ ಉತ್ತರ ತಪ್ಪಿಸಿದ ಹಾಗೆ.

ನಾಲ್ಕು ತಿಂಗಳಲ್ಲಿ ಏನು ಮಾಡಬಹುದು?

ವಾರಕ್ಕೆ ಎರಡು ಪ್ರಬಂಧ ಸಾಕು. ಒಂದನ್ನು ಬರೆಯಿರಿ, ಎರಡು ದಿನ ಬಿಟ್ಟು ಅದನ್ನೇ ತಿದ್ದಿ ಮತ್ತೆ ಬರೆಯಿರಿ. ಹೊಸ ಹೊಸ ವಿಷಯ ಬರೆಯುತ್ತಾ ಹೋಗುವವರಿಗಿಂತ ಒಂದನ್ನೇ ಎರಡು ಸಲ ಬರೆಯುವವರು ಬೇಗ ಸುಧಾರಿಸುವುದನ್ನು ನನ್ನ ತರಗತಿಗಳಲ್ಲಿ ನೋಡುತ್ತಲೇ ಇದ್ದೇನೆ. ಮೊದಲ ತಿಂಗಳು ಗಡಿಯಾರ ನೋಡಬೇಡಿ. ಎರಡನೇ ತಿಂಗಳು ಒಂದು ಗಂಟೆ, ಮೂರನೇ ತಿಂಗಳು 50 ನಿಮಿಷ, ಕೊನೆಗೆ 40. ಮೊಬೈಲಿನಲ್ಲಿ ಟೈಪ್ ಮಾಡಿ ಅಭ್ಯಾಸ ಮಾಡಬೇಡಿ. ಪರೀಕ್ಷೆಯಲ್ಲಿ ಕೈಯಲ್ಲಿ ಬರೆಯಬೇಕು, ಕೈ ನೋಯುವುದೂ ಅಭ್ಯಾಸವಾಗಬೇಕು. ದಿನಾ ಇನ್ನೊಂದು ಸಣ್ಣ ಕೆಲಸ ಮಾಡಿ. ಪತ್ರಿಕೆಯ ಒಂದು ಸುದ್ದಿ ತೆಗೆದುಕೊಂಡು, ಪ್ರಬಂಧ ಬರೆಯದೆ, ಮೇಲೆ ಹೇಳಿದ ಆರು ಸಾಲಿನ ಟಿಪ್ಪಣಿ ಮಾತ್ರ ಹತ್ತು ನಿಮಿಷದಲ್ಲಿ ಮಾಡಿ. ಕೈ ನಿಲ್ಲುವ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಓದುವುದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಸುಪ್ರೀಂ ಕೋರ್ಟ್ ತನ್ನ ಆಯ್ದ ತೀರ್ಪುಗಳನ್ನು ಕನ್ನಡಕ್ಕೂ ಅನುವಾದಿಸಿ ವೆಬ್‌ಸೈಟಿನಲ್ಲಿ ಹಾಕುತ್ತದೆ. ಒಂದು ತೀರ್ಪಿನ ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾಲ್ಕು ಪ್ಯಾರಾ ಓದಿ. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಮಾಡಿದ ಭಾಷಣವನ್ನು ಇಂಗ್ಲಿಷ್‌ನಲ್ಲೇ ಓದಿ. ಸಂವಿಧಾನವನ್ನು ಕಮ್ಯುನಿಸ್ಟರು ಏಕೆ ಒಪ್ಪುವುದಿಲ್ಲ, ಸಮಾಜವಾದಿಗಳು ಏಕೆ ಒಪ್ಪುವುದಿಲ್ಲ ಎಂಬುದನ್ನು ಅವರೇ ಎತ್ತಿಕೊಂಡು ಒಂದೊಂದಾಗಿ ಉತ್ತರಿಸುತ್ತಾರೆ. ಎದುರಿನವರ ಮಾತನ್ನು ಹೇಗೆ ಎದುರಿಸಬೇಕು ಎಂಬುದಕ್ಕೆ ಅದೊಂದು ಪಾಠ. ಭಾಷೆಯೂ ನೀವು ಹೆದರಿರುವಷ್ಟು ಕಷ್ಟವಿಲ್ಲ.

ಬರೆದದ್ದನ್ನು ಯಾರು ಓದಬೇಕು? ನಿಮ್ಮ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರನ್ನು ಕೇಳಿ. ವ್ಯಾಕರಣ ತಿದ್ದಿಕೊಡಿ ಅನ್ನಬೇಡಿ. "ನನ್ನ ನಿಲುವು ಏನು ಅಂತ ಒಂದು ಸಾಲಿನಲ್ಲಿ ಹೇಳಿ ಸರ್" ಅನ್ನಿ. ಅವರು ತಡವರಿಸಿದರೆ ಪ್ರಬಂಧ ಮತ್ತೆ ಬರೆಯಬೇಕು ಅಂತ ಅರ್ಥ. ಅಧ್ಯಾಪಕರಿಗೆ ಪುರುಸೊತ್ತು ಇಲ್ಲದಿದ್ದರೆ ರಾಜ್ಯಶಾಸ್ತ್ರದ ಸಹಪಾಠಿಯೂ ಆಗುತ್ತದೆ. ಚಾಟ್‌ಜಿಪಿಟಿಯಂಥ ಸಾಧನಗಳಿಗೆ ಕೊಡಬಹುದು, ಆದರೆ ಎಚ್ಚರಿಕೆಯಿಂದ. "ಚೆನ್ನಾಗಿ ಬರೆದುಕೊಡು" ಅಂದರೆ ಅದು ನಯವಾದ ಪ್ರಬಂಧ ಕೊಡುತ್ತದೆ. ಅದನ್ನು ಓದಿ ನಿಮಗೆ ನಿಮ್ಮ ಬರವಣಿಗೆ ಮೇಲೆ ಬೇಸರ ಬರುತ್ತದೆ, ಕಲಿಕೆ ಏನೂ ಆಗುವುದಿಲ್ಲ. ಕೆಲವೊಮ್ಮೆ ಇಲ್ಲದ ತೀರ್ಪನ್ನೂ ಇದೆ ಅನ್ನುತ್ತದೆ. "ಎಲ್ಲಿ ಅರ್ಥವಾಗಲಿಲ್ಲ, ಯಾವ ಮಾತಿಗೆ ಕಾರಣ ಕೊಟ್ಟಿಲ್ಲ" ಅಂತ ಮಾತ್ರ ಕೇಳಿ, ತಿದ್ದುವುದನ್ನು ನೀವೇ ಮಾಡಿ.

ಕೊನೆಗೆ ಒಂದು ವರ್ಷ ಬಿಡುವ ವಿಚಾರ. ನನ್ನ ಸಲಹೆ, ಬಿಡಬೇಡಿ. ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಕೋರ್ಸಿನ ಫೀಸು ಸೇರಿದರೆ ಮನೆಗೆ ದೊಡ್ಡ ಹೊರೆ. ನೀವು ಸೇರಬೇಕೆಂದಿರುವ ಸ್ಪೋಕನ್ ಇಂಗ್ಲಿಷ್ ಥರದ ಕೋರ್ಸುಗಳು ಮಾತಾಡುವುದನ್ನು ಕಲಿಸುತ್ತವೆ, ವಾದ ಕಟ್ಟುವುದನ್ನು ಕಲಿಸುವುದು ಅಪರೂಪ. ಮೇಲಾಗಿ ಒಂದು ವರ್ಷ ಬಿಟ್ಟೆ ಎಂಬ ಒತ್ತಡ ಮುಂದಿನ ಪರೀಕ್ಷೆಯ ಮೇಲೆ ಬೀಳುತ್ತದೆ. ಈ ವರ್ಷವೇ ಬರೆಯಿರಿ. ಸೀಟು ಸಿಗದಿದ್ದರೂ ಪತ್ರಿಕೆ ಹೇಗಿರುತ್ತದೆ ಅಂತ ನಿಮ್ಮ ಕಣ್ಣಿಗೇ ಗೊತ್ತಾಗಿರುತ್ತದೆ. ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಲಾ ಸ್ಕೂಲಿನಲ್ಲಿ ಶೇ 25 ಮೀಸಲಾತಿ ಇದೆ. ಅರ್ಜಿಯಲ್ಲಿ ಆ ಕಾಲಂ ತಪ್ಪದೆ ತುಂಬಿ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತೆಗೆದಿಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಹೆಡ್‌ಮಾಸ್ಟರ್ ರಜೆಯಲ್ಲಿದ್ದರೆ ಪರದಾಡಬೇಕಾಗುತ್ತದೆ.

ಜೊತೆಗೆ ಬೇರೆ ಬಾಗಿಲುಗಳನ್ನೂ ತಟ್ಟಿ. ದೆಹಲಿ ವಿಶ್ವವಿದ್ಯಾಲಯದ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸಿಯುಇಟಿ ಪಿಜಿ ಮೂಲಕ ಪ್ರವೇಶ. ಅದು ಪೂರ್ತಿ ಬಹು ಆಯ್ಕೆಯ ಪರೀಕ್ಷೆ, ಪ್ರಬಂಧ ಇಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ರಾಜ್ಯದ ತುಂಬ ಇವೆ. ಅಲ್ಲಿ ಪದವಿಯ ಅಂಕದ ಮೇಲೆ ಸೀಟು, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಎನ್‌ಎಲ್‌ಸ್ಯಾಟ್ ಕೈತಪ್ಪಿದರೆ ಒಂದು ವರ್ಷ ಮನೆಯಲ್ಲಿ ಕೂರುವ ಬದಲು ಅಲ್ಲಿ ಸೇರಿ ಓದು ಶುರು ಮಾಡುವುದು ನನಗೆ ಸರಿ ಕಾಣುತ್ತದೆ. ಅಲ್ಲಿಂದ ಬಂದವರೂ ವಕೀಲರಾಗಿ ಸನ್ನದು ಪಡೆಯುತ್ತಾರೆ, ನ್ಯಾಯಾಧೀಶರಾಗುತ್ತಾರೆ.

ಮೊದಲ ಪ್ರಬಂಧವಾಗಿ ಮತದಾನದ ವಿಷಯವನ್ನೇ ಈ ವಾರ ಬರೆಯಿರಿ. ಆದರೆ ನಾನು ಮೇಲೆ ತೋರಿಸಿದ ನಿಲುವು ಬೇಡ. ಮತದಾನ ಕಡ್ಡಾಯ ಆಗಲೇಬೇಕು ಅಂತ ವಾದಿಸಿ. ವಲಸೆ ಕೂಲಿಕಾರರ ಉದಾಹರಣೆಯನ್ನು ಎದುರಿನವರ ಗಟ್ಟಿ ಮಾತು ಅಂತ ಇಟ್ಟುಕೊಂಡು, ಅದಕ್ಕೆ ಉತ್ತರ ಹುಡುಕಿ.